ಸೀಮಂತಕ್ಕೆ ಮುಂಚಿನ ತಿಂಗಳುಗಳು

ಗರ್ಭಿಣಿಯನ್ನು ಆದರದಿಂದ ಕಾಣುವುದು ಕನ್ನಡಿಗರ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿರುವ ಸಂಪ್ರದಾಯ. ಐದನೆಯ ತಿಂಗಳಲ್ಲಿಯೋ ಏಳನೆಯ ತಿಂಗಳಲ್ಲಿಯೋ ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಬಯಕೆಯ ಊಟವಿಕ್ಕಿ, ಸೀಮಂತವನ್ನು ನೆರವೇರಿಸಿ, ಚೊಚ್ಚಲ ಹೆರಿಗೆಗಾಗಿ ಮಗಳನ್ನು ತವರಿಗೆ ಕರೆದೊಯ್ಯುವುದು ವಾಡಿಕೆ. ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮವರೂ ಈ ಪದ್ಧತಿಯನ್ನು ಕೈಬಿಟ್ಟಿಲ್ಲ. ಹೋಟೆಲು ಉದ್ಯಮದಲ್ಲಿರುವವರಾಗಲಿ, ಬ್ಯಾಂಕು, ರೈಲ್ವೆ, ಉಕ್ಕಿನ ಕಾರ್ಖಾನೆ, ನೌಕಾಪಡೆಗಳಲ್ಲಿ ದುಡಿಯುವವರಾಗಲಿ, ಸೀಮಂತದ ದಿನ ನಾಲ್ಕಾರು ಕನ್ನಡ ಕುಟುಂಬಗಳನ್ನು ಕರೆದು ಆರತಿ ಬೆಳಗಿಸದೆ ಇರುವುದಿಲ್ಲ. ಪರಸ್ಥಳದಲ್ಲಿದ್ದುಕೊಂಡು ಇಷ್ಟನ್ನು ಉಳಿಸಿಕೊಂಡಿರುವುದು ಅಭಿಮಾನದ ಸಂಗತಿಯೇ ಸರಿ.

ಆದರೆ ಇದೇ ಸಂಪ್ರದಾಯದಲ್ಲಿ ಇನ್ನೊಂದು ಅಂಶವೂ ಅಡಗಿದೆ. ಮೂರು ತಿಂಗಳು ತುಂಬುವವರೆಗೆ ಗರ್ಭ ನಿಂತ ವಿಷಯವನ್ನು ಹೊರಗೆ ಹೇಳಬಾರದೆಂದು ಹಿರಿಯರು ಎಚ್ಚರಿಸುತ್ತಾರೆ. ಆ ಮೂರು ತಿಂಗಳಲ್ಲಿ ಸೊಸೆ ಎಂದಿನಂತೆಯೇ ಕೆಲಸಕ್ಕೆ ಹೋಗುತ್ತಾಳೆ, ಎಂದಿನ ಆಹಾರವನ್ನೇ ಉಣ್ಣುತ್ತಾಳೆ, ಜಿರಲೆಗೆ ಔಷಧ ಹೊಡೆದ ಕೋಣೆಯಲ್ಲಿಯೇ ಮಲಗುತ್ತಾಳೆ. ಎಲ್ಲರ ಆರೈಕೆ ಅವಳ ಕಡೆಗೆ ಹರಿಯುವುದು ಹೊಟ್ಟೆ ಕಾಣಿಸಿಕೊಂಡ ಮೇಲೆ. ಸರಕಾರದ ಕಾರ್ಯಕ್ರಮಗಳಲ್ಲಿಯೂ ಈ ಛಾಯೆ ಇಲ್ಲದಿಲ್ಲ. ಗರ್ಭಿಣಿಯರು ಹನ್ನೆರಡು ವಾರಗಳೊಳಗೆ ಹೆಸರು ನೋಂದಾಯಿಸಬೇಕೆಂದು ಸರಕಾರವು ಹೇಳುತ್ತದೆಯಾದರೂ, 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ನಡೆಯುತ್ತಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯು ನಾಲ್ಕನೆಯ ತಿಂಗಳು ಹಿಡಿದ ಗರ್ಭಿಣಿಯರಿಗಾಗಿ ಏರ್ಪಟ್ಟದ್ದು.

ಆಧುನಿಕ ವಿಜ್ಞಾನವು ಇದಕ್ಕೆ ವ್ಯತಿರಿಕ್ತವಾದ ಮಾತನ್ನು ಹೇಳುತ್ತಿದೆ. ಶಿಶುವಿನ ಜೀವಿತದ ಅನೇಕ ನಿರ್ಣಯಗಳು ಮೊದಲ ಮೂರು ತಿಂಗಳಲ್ಲಿಯೇ, ಕೆಲವು ಮೊದಲ ಮೂರು ವಾರಗಳಲ್ಲಿಯೇ ಆಗಿಹೋಗುತ್ತವೆ. ನಮ್ಮ ಆರೈಕೆಯು ತಡವಾಗಿ ಆರಂಭವಾಗುತ್ತಿದೆ ಎಂಬುದೂ, ಆ ಆರೈಕೆಯ ಹೊಣೆಯನ್ನು ಗರ್ಭಿಣಿಯೊಬ್ಬಳ ತಲೆಗೆ ಕಟ್ಟದೆ ನಾವೆಲ್ಲರೂ ಹೊರಬೇಕೆಂಬುದೂ ಈ ಲೇಖನದ ನಿವೇದನೆ.

ರಸದೂತರೂ ಸುಳ್ಳುದೂತರೂ

ನಮ್ಮ ಶರೀರದಲ್ಲಿ ಥೈರಾಯಿಡ್, ಅಡ್ರಿನಲ್, ಅಂಡಾಶಯ, ವೃಷಣ ಮೊದಲಾದ ನಿರ್ನಾಳ ಗ್ರಂಥಿಗಳಿವೆ. ಇವು ಸ್ರವಿಸುವ ಹಾರ್ಮೋನುಗಳನ್ನು ರಸದೂತಗಳೆಂದು ಕರೆಯುವುದುಂಟು. ರಕ್ತದಲ್ಲಿ ಹರಿದು ಒಂದು ಅಂಗದ ಸಂದೇಶವನ್ನು ಇನ್ನೊಂದು ಅಂಗಕ್ಕೆ ಮುಟ್ಟಿಸುವುದೇ ಇವುಗಳ ಕೆಲಸ. ಅತ್ಯಲ್ಪ ಪ್ರಮಾಣದಲ್ಲಿಯೇ ಇವು ಮಹತ್ಕಾರ್ಯವನ್ನು ಸಾಧಿಸುತ್ತವೆ. ಮನುಷ್ಯನು ನಿರ್ಮಿಸಿದ ಕೆಲವು ರಾಸಾಯನಿಕಗಳು ರೂಪದಲ್ಲಿಯೋ ವರ್ತನೆಯಲ್ಲಿಯೋ ಈ ದೂತರನ್ನು ಹೋಲುತ್ತವೆ. ಇಲ್ಲವೇ ನಿಜವಾದ ದೂತರ ದಾರಿಯನ್ನು ಕಟ್ಟಿಬಿಡುತ್ತವೆ. ಕೆಲವು ಕೀಟನಾಶಕಗಳು, ಗಡುಸಾದ ಪ್ಲಾಸ್ಟಿಕ್ಕಿನಲ್ಲಿ ಬಳಸುವ ಬಿಸ್ಫೆನಾಲ್, ಮೆದು ಪ್ಲಾಸ್ಟಿಕ್ಕಿಗೆ ಬೆರೆಸುವ ಥ್ಯಾಲೇಟುಗಳು, ಬಟ್ಟೆಬರೆ ಪೀಠೋಪಕರಣಗಳಿಗೆ ಬೇಗನೆ ಬೆಂಕಿ ಹತ್ತದಂತೆ ಸೇರಿಸುವ ಕೆಲವು ದ್ರವ್ಯಗಳು ಈ ವರ್ಗಕ್ಕೆ ಸೇರುತ್ತವೆ.

ವಿಶಾಖಪಟ್ಟಣದ ವಾಚಕರಿಗೆ ಹಡಗಿನ ಉದಾಹರಣೆಯೊಂದನ್ನು ಕೊಡಬಹುದು. ಹಡಗಿನ ತಳಕ್ಕೆ ಕಪ್ಪೆಚಿಪ್ಪು, ಪಾಚಿಗಳು ಅಂಟಿಕೊಳ್ಳದಿರಲೆಂದು ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವನ್ನು ಬೆರೆಸಿದ ಬಣ್ಣವನ್ನು ಬಳಿಯುವ ಪದ್ಧತಿ ಜಗತ್ತಿನಾದ್ಯಂತ ಇತ್ತು. ಬಂದರುಗಳ ನೀರಿಗೆ ಇದು ಕರಗಿ ಸೇರಿದಾಗ, ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಮಿನಷ್ಟಿದ್ದರೂ ಸಾಕು, ಹೆಣ್ಣು ಸಮುದ್ರ ಬಸವನಹುಳುಗಳಲ್ಲಿ ಗಂಡಿನ ಅಂಗಗಳು ಬೆಳೆಯುವುದು ಕಂಡುಬಂತು. ನ್ಯಾನೋಗ್ರಾಮೆಂದರೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಭಾಗ. ಫ್ರಾನ್ಸ್ ದೇಶವು 1982ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು. ಎಲ್ಲ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದವು 2001ರಲ್ಲಿ ಸಿದ್ಧವಾಗಿ ಜಾರಿಗೆ ಬಂದದ್ದು 2008ರಲ್ಲಿ. ಮುಂದೆ ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಬ್ಲಂಬರ್ಗ್ ಮತ್ತು ಸಂಗಡಿಗರು ಇದೇ ವಸ್ತುವನ್ನು ಗರ್ಭಧರಿಸಿದ ಇಲಿಗಳಿಗೆ ಕೊಟ್ಟು ನೋಡಿದಾಗ, ಹುಟ್ಟಿದ ಮರಿಗಳಲ್ಲಿ ಕೊಬ್ಬು ಹೆಚ್ಚಾಗಿ ಶೇಖರವಾಗುವುದನ್ನೂ, ಆ ಗುಣವು ಮುಂದಿನ ಪೀಳಿಗೆಗಳಲ್ಲಿಯೂ ತಲೆದೋರುವುದನ್ನೂ ಕಂಡರು. ವಿಷವು ತಾಯಿಗೆ ತಗುಲಿತು. ಫಲವನ್ನು ಉಂಡದ್ದು ಮೊಮ್ಮಕ್ಕಳು.

ಅಕ್ಷರ ಅದೇ, ಧ್ವನಿ ಬೇರೆ

ಮೊಮ್ಮಕ್ಕಳಿಗೆ ಇದು ತಲುಪುವ ಬಗೆ ಯಾವುದು? ವಂಶವಾಹಿಗಳು ಬದಲಾಗಿರುವುದಿಲ್ಲ, ಅವುಗಳ ಮೇಲಿನ ಗುರುತುಗಳು ಬದಲಾಗಿರುತ್ತವೆ. ಕನ್ನಡ ಲಿಪಿಯನ್ನು ಬಲ್ಲವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. 'ಕ' ಎಂದು ಬರೆದರೆ ಅದರಲ್ಲಿ ಸ್ವರವು ಸೇರಿಯೇ ಇರುತ್ತದೆ. ಅದಕ್ಕೆ ಹಲಂತದ ಚಿಹ್ನೆಯನ್ನು ಹಚ್ಚಿ 'ಕ್' ಎಂದರೆ ಅಕ್ಷರವು ಅಳಿಯುವುದಿಲ್ಲ, ಸ್ವರವು ಮಾತ್ರ ಅಡಗುತ್ತದೆ. ನಮ್ಮ ವಂಶವಾಹಿಗಳ ಮೇಲೆಯೂ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಚಿಹ್ನೆಗಳು ಕುಳಿತಿರುತ್ತವೆ. ಬಹುಮಟ್ಟಿಗೆ, ಚಿಹ್ನೆ ಬಿದ್ದ ವಂಶವಾಹಿಯು ಮೌನವಾಗುತ್ತದೆ, ಇಲ್ಲದಿರುವುದು ಮಾತನಾಡುತ್ತದೆ. ಯಕೃತ್ತಿನ ಕಣವೂ ಮೆದುಳಿನ ಕಣವೂ ಒಂದೇ ಗ್ರಂಥವನ್ನು ಹೊಂದಿದ್ದರೂ ಬೇರೆ ಬೇರೆ ಕೆಲಸ ಮಾಡುವುದು ಇಂತಹ ಚಿಹ್ನೆಗಳಿಂದಲೇ.

ಗಮನಾರ್ಹವಾದ ಸಂಗತಿಯೆಂದರೆ, ಗರ್ಭಧಾರಣೆಯಾದ ಮೊದಲ ಕೆಲವು ದಿನಗಳಲ್ಲಿ ತಂದೆತಾಯಿಗಳಿಂದ ಬಂದ ಹೆಚ್ಚಿನ ಚಿಹ್ನೆಗಳು ಅಳಿಸಿಹೋಗಿ, ಭ್ರೂಣವು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವ ವೇಳೆಗೆ ಹೊಸದಾಗಿ ಬರೆಯಲ್ಪಡಲು ತೊಡಗುತ್ತವೆ. ತಾನು ಗರ್ಭಿಣಿಯೆಂದು ತಾಯಿಗೆ ಇನ್ನೂ ತಿಳಿದಿರುವುದಿಲ್ಲ. ಮೆದುಳು ಮತ್ತು ಬೆನ್ನುಹುರಿಗಳ ಮೂಲವಾದ ನಾಳವು ನಾಲ್ಕನೆಯ ವಾರದ ಕೊನೆಗೆ ಮುಚ್ಚಿಕೊಳ್ಳುತ್ತದೆ. ಗಂಡುಶಿಶುವಿನ ಜನನಾಂಗಗಳ ಮುಂದಿನ ಬೆಳವಣಿಗೆಯು ನಿಶ್ಚಯವಾಗುವುದು ಸುಮಾರು ಎಂಟರಿಂದ ಹದಿನಾಲ್ಕನೆಯ ವಾರದೊಳಗೆ. ಸರಿಸುಮಾರು ಹನ್ನೆರಡನೆಯ ವಾರದವರೆಗೆ ಶಿಶುವಿಗೆ ಸ್ವಂತ ಥೈರಾಯಿಡ್ ಸ್ರಾವವೇ ಇಲ್ಲ. ಮೆದುಳಿನ ಬೆಳವಣಿಗೆಗೆ ತಾಯಿಯ ಸ್ರಾವವನ್ನೇ ನಂಬಿಕೊಂಡಿರಬೇಕು. ಗರ್ಭದಲ್ಲಿರುವುದು ಹೆಣ್ಣುಶಿಶುವಾದರೆ ಅದರ ಜೀವಮಾನದ ಅಂಡಗಳೆಲ್ಲವೂ ಹುಟ್ಟುವ ಮೊದಲೇ ಸಿದ್ಧವಾಗುತ್ತವೆ. ಒಬ್ಬ ಬಸುರಿಯಲ್ಲಿ ಮೂರು ತಲೆಮಾರುಗಳು ಏಕಕಾಲಕ್ಕೆ ಕುಳಿತಿರುತ್ತವೆ ಎಂದರೆ ಅತಿಶಯೋಕ್ತಿಯಾಗಲಾರದು.

ಕಾಲದ ಮಹತ್ತ್ವಕ್ಕೆ ಹಾಲೆಂಡಿನ ಕ್ಷಾಮವು ಸಾಕ್ಷಿ ನುಡಿದಿದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಅಲ್ಲಿಯ ಜನ ಅನ್ನವಿಲ್ಲದೆ ಕಂಗೆಟ್ಟಿದ್ದರು. ಆ ಸಮಯದಲ್ಲಿ ಗರ್ಭಾಂಕುರವಾದವರನ್ನು ಅರವತ್ತು ವರ್ಷಗಳ ಅನಂತರ ಪರೀಕ್ಷಿಸಿ, ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲೆ ಅವರ ಒಡಹುಟ್ಟಿದವರಿಗಿಂತ ಕಡಿಮೆ ಮೀಥೈಲ್ ಚಿಹ್ನೆಗಳಿರುವುದನ್ನು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾತ್ರ ಕ್ಷಾಮಕ್ಕೆ ತುತ್ತಾದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹೊಗೆಬತ್ತಿಯ ವಿಷಯದಲ್ಲಂತೂ ನವಜಾತ ಶಿಶುಗಳ ಮೇಲೆಯೇ ದೊಡ್ಡ ಪ್ರಮಾಣದ ಅಧ್ಯಯನವಾಗಿದೆ. 2016ರಲ್ಲಿ ಪ್ರಕಟವಾದ, 6,685 ಶಿಶುಗಳನ್ನು ಒಳಗೊಂಡ ವಿಶ್ಲೇಷಣೆಯಲ್ಲಿ, ಧೂಮಪಾನಿ ತಾಯಂದಿರ ಶಿಶುಗಳಲ್ಲಿ ಸಾವಿರಾರು ನೆಲೆಗಳಲ್ಲಿ ಈ ಚಿಹ್ನೆಗಳು ವ್ಯತ್ಯಾಸಗೊಂಡಿದ್ದವು. ಪ್ಲಾಸ್ಟಿಕ್ಕಿನ ದ್ರವ್ಯಗಳ ವಿಷಯದಲ್ಲಿ ಮಾನವ ಶಿಶುಗಳ ಮೇಲಿನ ಪುರಾವೆ ಇಷ್ಟು ಬಲವಾಗಿಲ್ಲವೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಪುರಾವೆ ಸಂಪೂರ್ಣವಾಗುವವರೆಗೆ ಕಾದು ಕುಳಿತವರ ಗತಿ ಏನಾಯಿತೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ.

ಕಾಸರಗೋಡಿನ ಪಾಠ

ಇಲ್ಲಿಯ ಉಡುಪಿ ಹೋಟೆಲುಗಳ ಬಂಧುಗಳಲ್ಲಿ ಅನೇಕರ ಮೂಲ ದಕ್ಷಿಣ ಕನ್ನಡ, ಕಾಸರಗೋಡು ಸೀಮೆ. ಎಣ್ಮಕಜೆ, ಪಡ್ರೆ, ಬೆಳ್ಳೂರು, ಕುಂಬಡಾಜೆ ಎಂಬ ಹೆಸರುಗಳು ಅವರಿಗೆ ಅಪರಿಚಿತವಲ್ಲ. ಕೇರಳ ಸರಕಾರಕ್ಕೆ ಸೇರಿದ ತೋಟಗಾರಿಕೆ ನಿಗಮವು ಅಲ್ಲಿಯ ಗುಡ್ಡಗಳ ಗೇರು ತೋಪುಗಳಿಗೆ 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿತು. ಗುಡ್ಡದ ಮೇಲೆ ತೋಪು, ಬುಡದಲ್ಲಿ ಮನೆ, ಶಾಲೆ, ಸುರಂಗ, ತೋಡು. ಸುರಿದದ್ದೆಲ್ಲವೂ ಮಳೆಗಾಲದಲ್ಲಿ ಇಳಿದು ಬಂದದ್ದು ಮನೆಬಾಗಿಲಿಗೆ. ನಮ್ಮ ಕರ್ನಾಟಕದಲ್ಲಿಯೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಸರಕಾರಿ ಗೇರು ನಿಗಮವು ಇದೇ ವಿಷವನ್ನು ಆಕಾಶದಿಂದ ಸುರಿಯಿತು.

ಊರಿನಲ್ಲಿ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆಯವರು ಬಹು ಹಿಂದೆಯೇ ಗುರುತಿಸಿ ಬರೆದರು. ಅದೇ ಹಳ್ಳಿಗಳಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಜನ್ಮವೈಕಲ್ಯಗಳು ಗುಂಪುಗೂಡಿರುವುದನ್ನು ಕಂಡು ಎಚ್ಚರಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರರು 1998ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಸ್ವಾಸ್ಥ್ಯ ಸಂಸ್ಥೆಯವರು ಪಡ್ರೆಗೆ ಬಂದು ಪರೀಕ್ಷೆ ನಡೆಸಿದರು. ಆ ಗ್ರಾಮದ 117 ಹುಡುಗರನ್ನೂ ವಿಷ ಸಿಂಪಡಿಸದ ಊರಿನ 90 ಹುಡುಗರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಪಡ್ರೆಯ ಬಾಲಕರು ಪ್ರೌಢಾವಸ್ಥೆಗೆ ಬರುವುದು ತಡವಾಗಿದೆಯೆಂದೂ, ಗಂಡಸರ ಹಾರ್ಮೋನಿನ ಉತ್ಪತ್ತಿಯಲ್ಲಿ ಅಡಚಣೆ ಕಾಣುತ್ತಿದೆಯೆಂದೂ ಹೇಳಿದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಆ ಹುಡುಗರು ಗರ್ಭದಲ್ಲಿದ್ದ ಕಾಲದಲ್ಲಿ ಮೇಲೆ ಹೆಲಿಕಾಪ್ಟರು ಹಾರುತ್ತಿತ್ತೆಂಬುದನ್ನು ನೆನೆಯಬೇಕು.

ಅಲ್ಲಿಯ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಸಿದ್ಧವಾಗಿಲ್ಲವೆಂದು ವಾದಿಸಿದವರಿದ್ದರು, ಈಗಲೂ ಇದ್ದಾರೆ. ಒಂದೊಂದು ಮಗುವಿನ ವಿಷಯದಲ್ಲಿಯೂ ಕಾರ್ಯಕಾರಣಗಳನ್ನು ಬೆರಳಿಟ್ಟು ತೋರಿಸುವುದು ಕಠಿಣವೆಂಬುದು ನಿಜ. ಆದರೆ ಆ ಸಂದೇಹದ ಲಾಭವನ್ನು ಇಪ್ಪತ್ತು ವರ್ಷ ಪಡೆದದ್ದು ವಿಷ, ಶಿಶುಗಳಲ್ಲ. ಇದೇ ನಮಗೆ ಕಾಸರಗೋಡಿನ ಪಾಠ. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಮಗಳ ಹಾಸಿಗೆಯ ಪಕ್ಕದಲ್ಲಿ ಮೂವತ್ತು ವರ್ಷ ಕಳೆದ ತಾಯಿಗೆ ಈ ಹಣವು ಆಧಾರವಾದೀತೇ ಹೊರತು ಪರಿಹಾರವಾಗಲಾರದು.

ಮುಂದುವರಿದ ದೇಶಗಳೂ ಇದಕ್ಕೆ ಹೊರತಲ್ಲ. ಗರ್ಭಪಾತವನ್ನು ತಡೆಯುವುದೆಂದು ನಂಬಿ ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಅಮೆರಿಕದಲ್ಲಿ ದಶಕಗಳ ಕಾಲ ವೈದ್ಯರೇ ಗರ್ಭಿಣಿಯರಿಗೆ ಕೊಟ್ಟರು. ಅದರಿಂದ ಪ್ರಯೋಜನವಿಲ್ಲವೆಂದು ಚಿಕಾಗೋದ ಪರೀಕ್ಷೆಯೊಂದು 1953ರಲ್ಲಿಯೇ ತೋರಿಸಿದ್ದರೂ ಗುಳಿಗೆ ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ವೈದ್ಯರು ಎಂಟು ಮಂದಿ ಎಳೆವಯಸ್ಸಿನ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರನ್ನು ಕಂಡು ವಿಚಾರಿಸಲಾಗಿ, ಅವರಲ್ಲಿ ಏಳು ಮಂದಿಯ ತಾಯಂದಿರು ಬಸುರಿನಲ್ಲಿ ಆ ಔಷಧವನ್ನು ಸೇವಿಸಿದ್ದರು. ತಾಯಂದಿರು ಮಾಡಿದ ತಪ್ಪೇನು? ವೈದ್ಯರ ಮಾತನ್ನು ನಂಬಿದ್ದು. ಪಡ್ರೆಯ ತಾಯಂದಿರು ಮಾಡಿದ ತಪ್ಪೇನು? ತಮ್ಮ ತೋಡಿನ ನೀರು ಕುಡಿದದ್ದು. ಗರ್ಭಿಣಿಯು ಎಷ್ಟೇ ಜಾಗರೂಕಳಾಗಿದ್ದರೂ ಅವಳ ಸುತ್ತಲಿನವರು ಜಾಗರೂಕರಾಗಿರದಿದ್ದರೆ ಪ್ರಯೋಜನವಿಲ್ಲ.

ನಮ್ಮ ಎರಡು ನಗರಗಳಲ್ಲಿ

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ವೆಂಕಟಾಪುರದಲ್ಲಿ ಸ್ಟೈರೀನ್ ಅನಿಲವು ಸೋರಿ ಜನ ಬೀದಿಯಲ್ಲಿ ಕುಸಿದುಬಿದ್ದುದನ್ನು ನಾವಾರೂ ಮರೆತಿಲ್ಲ. ಅದು ಕಣ್ಣಿಗೆ ಕಂಡ ವಿಪತ್ತು. ಸರಕಾರವೂ ಪತ್ರಿಕೆಗಳೂ ಧಾವಿಸಿದವು. ಇಲ್ಲಿ ಹೇಳುತ್ತಿರುವುದು ಕಣ್ಣಿಗೆ ಕಾಣದ ವಿಪತ್ತು. ಇದಕ್ಕೆ ವಾಸನೆಯಿಲ್ಲ, ಸೈರನ್ನಿಲ್ಲ.

ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜಿನ ಬಳಿ ನಿಂತು ನೋಡುವ ಕನ್ನಡಿಗನಿಗೆ ಕೃಷ್ಣೆಯು ತವರಿನ ಹೊಳೆ. ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ಎರಡು ದಡದ ಹತ್ತಿ, ಮೆಣಸಿನಕಾಯಿ, ಭತ್ತದ ಹೊಲಗಳನ್ನು ಸವರಿ ಅವಳು ಇಲ್ಲಿಗೆ ಬರುತ್ತಾಳೆ. ನೆರೆಯ ಗುಂಟೂರು ಸೀಮೆಯ ಮೆಣಸು, ಹತ್ತಿಗಳಿಗೆ ಕೀಟನಾಶಕದ ಬಳಕೆ ಹೇರಳವೆಂಬುದು ಸರ್ವವಿದಿತ. ಹೊಲದ ವಿಷಕ್ಕೆ ರಾಜ್ಯದ ಗಡಿ ತಿಳಿಯದು.

ಇವು ನಮ್ಮೊಬ್ಬರಿಂದ ತಡೆಯಲಾಗದ ದೊಡ್ಡ ವಿಷಯಗಳು. ಆದರೆ ನಮ್ಮ ಕೈಯಲ್ಲಿಯೇ ಇರುವ ಸಂಗತಿಗಳೂ ಇವೆ. ಅವುಗಳಲ್ಲಿ ಮೊದಲನೆಯದನ್ನು ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಏಕೆಂದರೆ ಅದು ನಮ್ಮವರ ಹೆಮ್ಮೆಯ ಉದ್ಯಮಕ್ಕೆ ಸಂಬಂಧಿಸಿದ್ದು. ಕುದಿಯುವ ಸಾಂಬಾರನ್ನು ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಸುತ್ತಿ ಕೊಡುವ ಪದ್ಧತಿ ನಮ್ಮ ಹೋಟೆಲುಗಳಲ್ಲಿ ಬೇರೂರಿದೆ. ಆ ಚೀಲವು ಯಾವ ಪ್ಲಾಸ್ಟಿಕ್ಕಿನದು, ಎಷ್ಟು ಬಾರಿ ಕರಗಿಸಿ ಮಾಡಿದ್ದು ಎಂಬುದು ಮಾಲೀಕರಿಗೂ ತಿಳಿದಿರುವುದಿಲ್ಲ. ಶಾಖ, ಎಣ್ಣೆ, ಹುಳಿಗಳು ಸೇರಿದಾಗ ಪ್ಲಾಸ್ಟಿಕ್ಕಿನ ದ್ರವ್ಯಗಳು ಆಹಾರಕ್ಕೆ ಇಳಿಯುವುದು ಅಧಿಕವಾಗುತ್ತದೆ. ವಾಂತಿಯ ಸಂಕಟದಿಂದ ಒಲೆಯ ಮುಂದೆ ನಿಲ್ಲಲಾರದ ಬಸುರಿಗೆ ಗಂಡನು ತರುವುದು ಇದೇ ಪೊಟ್ಟಣವನ್ನು. ಅದೂ ಮೊದಲ ಮೂರು ತಿಂಗಳಲ್ಲಿಯೇ.

ಎರಡನೆಯದು ಗಲ್ಲೆಯ ಮೇಲಿನ ರಸೀದಿ. ಶಾಖದಿಂದ ಅಕ್ಷರ ಮೂಡಿಸುವ ಆ ನುಣುಪು ಕಾಗದದ ಮೇಲೆ ಬಿಸ್ಫೆನಾಲ್ ಲೇಪವಿರುವುದುಂಟು. ಅದು ಚರ್ಮದ ಮೂಲಕ ಒಳಸೇರುತ್ತದೆ. ಐರೋಪ್ಯ ಒಕ್ಕೂಟವು ಇಂತಹ ಕಾಗದದಲ್ಲಿ ಬಿಸ್ಫೆನಾಲ್ ಎ ಬಳಕೆಯನ್ನು 2020ರ ಜನವರಿಯಿಂದ ನಿರ್ಬಂಧಿಸಿದೆ. ದಿನವಿಡೀ ರಸೀದಿ ಹರಿದುಕೊಡುವ ಹುಡುಗಿಯೂ ನಾಳೆ ತಾಯಿಯಾಗುವವಳೇ.

ಮೂರನೆಯದು ಬಾಡಿಗೆಯ ಮನೆ. ಹೊಸ ದಂಪತಿಗಳು ಬರುವರೆಂದು ಬಣ್ಣ ಬಳಿಸುವುದು, ಗೆದ್ದಲಿಗೂ ಜಿರಲೆಗೂ ಔಷಧ ಹೊಡೆಸುವುದು ನಗರಗಳಲ್ಲಿ ರೂಢಿ. ಗೆದ್ದಲಿಗೆ ಬಳಸುವ ಕ್ಲೋರ್‌ಪೈರಿಫಾಸ್ ಗರ್ಭಸ್ಥ ಶಿಶುವಿನ ಮೆದುಳಿನ ಬೆಳವಣಿಗೆಗೆ ತೊಂದರೆ ಕೊಡಬಲ್ಲದೆಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಯನಗಳು ತೋರಿಸಿವೆ. ಹಂತಹಂತವಾಗಿ ತೊಡೆದುಹಾಕಬೇಕಾದ ವಿಷಗಳ ಸ್ಟಾಕ್‌ಹೋಮ್ ಪಟ್ಟಿಗೆ ಅದು 2025ರಲ್ಲಿ, ಕೆಲವು ವಿನಾಯಿತಿಗಳೊಡನೆ, ಸೇರ್ಪಡೆಯಾಗಿದೆ. ನಾಲ್ಕನೆಯದು ಹೊಗೆಬತ್ತಿ. ನಮ್ಮ ಹೆಂಗಸರು ಸೇದುವುದು ವಿರಳ. ಗಂಡಸರು ಸೇದುವ ಹೊಗೆಯನ್ನು ಅವರು ಕುಡಿಯುವುದು ವಿರಳವಲ್ಲ.

ಭಯ ಬೇಡ, ಹೊಣೆ ಬೇಕು

ಇದನ್ನೆಲ್ಲ ಓದಿ ಯಾವ ಗರ್ಭಿಣಿಯೂ ಹೆದರಬೇಕಾಗಿಲ್ಲ. ಮೀಥೈಲ್ ಚಿಹ್ನೆಯು ಹಣೆಬರಹವಲ್ಲ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬಿಸ್ಫೆನಾಲನ್ನು ತಿನ್ನಿಸಿದ ತಾಯಿ ಇಲಿಗಳ ಮರಿಗಳಲ್ಲಿ ಈ ಚಿಹ್ನೆಗಳು ಕಡಿಮೆಯಾದುದನ್ನು ಕಂಡರು. ತಾಯಿಯ ಆಹಾರಕ್ಕೆ ಫೋಲಿಕ್ ಆಮ್ಲ ಮೊದಲಾದ ಪೋಷಕಗಳನ್ನು ಸೇರಿಸಿದಾಗ ಆ ಕೊರತೆಯು ನೀಗಿತು. ಇಲಿಯ ಮಾತನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಫೋಲಿಕ್ ಆಮ್ಲದ ಗುಳಿಗೆಯನ್ನು ಗರ್ಭ ನಿಲ್ಲುವ ಮೊದಲೇ ಆರಂಭಿಸಬೇಕೆಂದು ವೈದ್ಯರು ಬೇರೆ ಕಾರಣಗಳಿಂದಲೂ ಹೇಳುತ್ತ ಬಂದಿದ್ದಾರೆ. ಕೀಟನಾಶಕದ ಭಯದಿಂದ ಸೊಪ್ಪು ತರಕಾರಿಗಳನ್ನು ಬಿಡುವುದು ಅವಿವೇಕ. ಚೆನ್ನಾಗಿ ತೊಳೆದು ತಿನ್ನುವುದು ವಿವೇಕ. ಅಯೋಡಿನ್ ಬೆರೆತ ಉಪ್ಪು, ಹೆಸರುಕಾಳು, ಹಾಲು, ಮೀನು ತಿನ್ನುವವರಿಗೆ ಸಣ್ಣ ಮೀನು, ಇವು ಎಲ್ಲರ ಕೈಗೆ ಎಟುಕುವಂಥವು.

ಆದರೆ ಸೂಚನೆಗಳ ಪಟ್ಟಿಯನ್ನು ಬಸುರಿಯ ಕೈಗಿತ್ತು ಸುಮ್ಮನಾಗುವುದು ಅನ್ಯಾಯ. ಮಗು ಆರೋಗ್ಯವಾಗಿ ಹುಟ್ಟಿದರೆ ವಂಶದ ಪುಣ್ಯ, ಊನವಿದ್ದರೆ ತಾಯಿಯ ದೋಷವೆಂದು ಆಡಿಕೊಳ್ಳುವ ನಾಲಗೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಎಪಿಜೆನೆಟಿಕ್ಸ್ ಎಂಬ ಈ ಹೊಸ ವಿಜ್ಞಾನವು ಅಂತಹ ನಾಲಗೆಗಳಿಗೆ ಇನ್ನೊಂದು ಅಸ್ತ್ರವಾಗಬಾರದು. ಬಣ್ಣವನ್ನು ಬಳಿಸುವವನು ಮನೆಯೊಡೆಯ, ಚೀಲವನ್ನು ಕೊಳ್ಳುವವನು ಹೋಟೆಲಿನವನು, ಹೊಗೆ ಬಿಡುವವನು ಗಂಡ, ಪರವಾನಗಿ ಕೊಡುವುದು ಸರಕಾರ. ಗರ್ಭಿಣಿಯು ಇವರೆಲ್ಲರ ನಡುವೆ ಉಸಿರಾಡುವವಳು ಮಾತ್ರ.

ಆದ್ದರಿಂದ ನಮ್ಮ ಸಂಘದ ಮುಂದೆ ಕೆಲವು ಸಲಹೆಗಳನ್ನಿಡುತ್ತಿದ್ದೇವೆ. ಸಂಘದ ಸದಸ್ಯರಾಗಿರುವ ಹೋಟೆಲು ಮಾಲೀಕರು ಪಾತ್ರೆ ತರುವ ಗಿರಾಕಿಗೆ ಒಂದೆರಡು ರೂಪಾಯಿ ರಿಯಾಯಿತಿ ಕೊಡಲಿ. ಠೇವಣಿ ಪಡೆದು ಸ್ಟೀಲ್ ಕ್ಯಾರಿಯರ್ ಕೊಡುವ ಏರ್ಪಾಟು ಮಾಡಲಿ. ಹಿಂದೆ ಇದೇ ಹೋಟೆಲುಗಳು ಕ್ಯಾರಿಯರಿನಲ್ಲಿಯೇ ಊಟ ಕಳುಹಿಸಿ ಹೆಸರು ಗಳಿಸಿದವಲ್ಲವೆ? ರಾಜ್ಯೋತ್ಸವದ ಸಂತರ್ಪಣೆಯಲ್ಲಿ ಪ್ಲಾಸ್ಟಿಕ್ ಲೇಪಿಸಿದ ತಟ್ಟೆಯನ್ನು ತ್ಯಜಿಸಿ ಬಾಳೆಯೆಲೆಗೋ ಮುತ್ತುಗದ ಎಲೆಗೋ ಮರಳೋಣ. ಮನೆಗಳನ್ನು ಬಾಡಿಗೆಗೆ ಕೊಡುವ ಸದಸ್ಯರು ಬಣ್ಣ, ಔಷಧಗಳ ಕೆಲಸವನ್ನು ಒಕ್ಕಲು ಬರುವುದಕ್ಕೆ ಕೆಲವು ವಾರ ಮುಂಚೆ ಮುಗಿಸಿ ಕಿಟಕಿಗಳನ್ನು ತೆರೆದಿಡಲಿ. ಸಂಘದ ಮಹಿಳಾ ವಿಭಾಗವು ಸೀಮಂತದ ಆರತಿಯ ಜೊತೆಗೆ, ಹೊಸದಾಗಿ ಮದುವೆಯಾಗಿ ಈ ಊರುಗಳಿಗೆ ಬಂದ ದಂಪತಿಗಳನ್ನು ವರ್ಷಕ್ಕೆ ಎರಡು ಬಾರಿ ಕರೆದು ಕನ್ನಡ ಬಲ್ಲ ವೈದ್ಯರೊಡನೆ ಮಾತನಾಡಿಸುವ ವ್ಯವಸ್ಥೆ ಮಾಡಲಿ. ಗಂಡಂದಿರೂ ಬರಬೇಕೆಂಬ ನಿಬಂಧನೆಯಿರಲಿ.

ಗರ್ಭದ ಸುದ್ದಿಯನ್ನು ಮೂರು ತಿಂಗಳು ಗುಟ್ಟಾಗಿಡುವ ಹಿರಿಯರ ಪದ್ಧತಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಸುದ್ದಿ ಗುಟ್ಟಾಗಿರಲಿ, ಆರೈಕೆ ಮಾತ್ರ ಮೊದಲ ದಿನದಿಂದಲೇ ನಡೆಯಲಿ. ಎಲ್ಲ ಮನೆಗಳೂ, ಎಲ್ಲ ಅಂಗಡಿಗಳೂ ಗರ್ಭಿಣಿಯೊಬ್ಬಳು ಇಲ್ಲಿರಬಹುದೆಂಬ ಎಚ್ಚರದಿಂದ ನಡೆದುಕೊಂಡರೆ, ಯಾರು ಬಸುರಿಯೆಂದು ಯಾರೂ ಕೇಳಬೇಕಾಗುವುದಿಲ್ಲ.